ಹಡಗು ನಿಲ್ಲುವ ಆ ಒಂದು ದಿನ: ಕಾಡು-ಕಡಲಿಗಾ, ಹಳೇ ಕೋಟೆಗಾ?

ಚಳಿಗಾಲ ಹತ್ತಿರ ಬಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಒಂದು ಸುದ್ದಿ ಕೇಳಿಬರುತ್ತದೆ. ಮಗ ದುಬೈಗೆ ಕರೆದಿದ್ದಾನೆ, ಅಲ್ಲಿಂದ ಹಡಗಿನಲ್ಲಿ ಒಂದು ವಾರ ಸುತ್ತಿಸ್ತಾನಂತೆ. ಇನ್ನು ಕೆಲವರು ಚೆನ್ನೈಯಿಂದ ಶ್ರೀಲಂಕಾ ಕಡೆಗೆ ಹೋಗುವ ಹಡಗು ಹತ್ತುತ್ತಾರೆ. 2023ರಲ್ಲಿ ಆ ದಾರಿಯೂ ಶುರುವಾಯಿತು. ಟಿಕೆಟ್ ಆದ ಮೇಲೆ ಹಡಗಿನವರು ಒಂದು ಪಟ್ಟಿ ಕಳಿಸುತ್ತಾರೆ. ಈ ಬಂದರಿನಲ್ಲಿ ಇಳಿದರೆ ಈ ಟೂರ್, ಆ ಬಂದರಿನಲ್ಲಿ ಇಳಿದರೆ ಆ ಟೂರ್. ಒಂದು ಚಿತ್ರದಲ್ಲಿ ಡಾಲ್ಫಿನ್ ಹಾರುತ್ತಿರುತ್ತದೆ. ಪಕ್ಕದ್ದರಲ್ಲಿ ಸಾವಿರ ವರ್ಷದ ಕಲ್ಲುಕಂಬ ನಿಂತಿರುತ್ತದೆ. ಮಗ ಫೋನಿನಲ್ಲಿ ಕೇಳುತ್ತಾನೆ, "ಅಪ್ಪಾ, ಯಾವುದು ಬುಕ್ ಮಾಡ್ಲಿ?" ಅಪ್ಪ ಹೇಳುತ್ತಾರೆ, "ನಿನಗೆ ಹೇಗೆ ತೋರ್ತದೋ ಹಾಗೆ ಮಾಡು ಮಗಾ."

ಹಾಗೆ ಬಿಟ್ಟುಕೊಡಬೇಡಿ. ಹಡಗಿನ ಪ್ರಯಾಣದಲ್ಲಿ ನೆಲ ಮುಟ್ಟುವುದೇ ಬೆರಳೆಣಿಕೆಯ ದಿನ. ಆ ದಿನ ತಪ್ಪು ಜಾಗಕ್ಕೆ ಹೋದರೆ ದುಡ್ಡು ಹೋಯಿತು ಅನ್ನುವುದಕ್ಕಿಂತ, ಆ ಊರನ್ನು ನೋಡದೆಯೇ ಬಂದ ಹಾಗೆ ಆಗುತ್ತದೆ. ಹಾಗಾದರೆ ಆಯ್ಕೆ ಮಾಡುವುದು ಹೇಗೆ? ನನ್ನ ಪ್ರಕಾರ ಚಿತ್ರ ನೋಡಿ ಅಲ್ಲ, ಹೊತ್ತು ನೋಡಿ. ಹಡಗು ನಿಮ್ಮನ್ನು ಯಾವ ಹೊತ್ತಿಗೆ ಇಳಿಸುತ್ತದೆ, ಆ ಹೊತ್ತಿಗೆ ಅಲ್ಲಿ ನೋಡಲು ಏನು ಇರುತ್ತದೆ ಅನ್ನುವುದು ಮೊದಲು. ಇಷ್ಟಾನಿಷ್ಟ ಆಮೇಲೆ. ಇದನ್ನೆಲ್ಲ ಕಲಿಯಲು ಹಡಗು ಹತ್ತುವವರೆಗೆ ಕಾಯಬೇಕಾಗಿಯೂ ಇಲ್ಲ. ಬೇಕಲ ಕೋಟೆ ಮತ್ತು ರಾಣಿಪುರಂ ಬೆಟ್ಟ ಎರಡೂ ನಮ್ಮ ಜಿಲ್ಲೆಯಲ್ಲೇ ಉಂಟಲ್ಲ.

ಮೊದಲು ಗಂಟೆ ಲೆಕ್ಕ ಹಾಕಿ

ಪಟ್ಟಿಯಲ್ಲಿ "ಬೆಳಿಗ್ಗೆ 8ರಿಂದ ಸಂಜೆ 5" ಎಂದು ಬರೆದಿರುತ್ತದೆ. ಒಂಬತ್ತು ಗಂಟೆ ಸಿಕ್ಕಿತು ಅಂದುಕೊಳ್ಳುವುದು ಸಹಜ. ಆದರೆ 8 ಅನ್ನುವುದು ಹಡಗು ಕಟ್ಟೆಗೆ ತಾಗುವ ಹೊತ್ತು. ಆಮೇಲೆ ಆ ದೇಶದ ಅಧಿಕಾರಿಗಳು ಒಪ್ಪಿಗೆ ಕೊಡಬೇಕು. ಸಾವಿರಾರು ಜನ ಒಂದೆರಡು ಬಾಗಿಲಲ್ಲಿ ಸಾಲಾಗಿ ಇಳಿಯಬೇಕು. ನಿಮ್ಮ ಕಾಲು ನೆಲಕ್ಕೆ ತಾಗುವಾಗ 9 ಗಂಟೆ ಆದರೂ ಆಶ್ಚರ್ಯ ಇಲ್ಲ. ಸಂಜೆಯ 5 ಅನ್ನುವುದು ಹಡಗು ಹೊರಡುವ ಹೊತ್ತು. ಎಲ್ಲರೂ ಹತ್ತಿರಬೇಕಾದ ಹೊತ್ತು ಅದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲು ಇರುತ್ತದೆ. ನೀವು ಅದಕ್ಕೂ ಒಂದು ಗಂಟೆ ಮೊದಲು ಬಂದರಿನ ಗೇಟು ತಲುಪಿದ್ದರೆ ಜೀವಕ್ಕೆ ನೆಮ್ಮದಿ. ಅಂದರೆ 9ರಿಂದ 3. ಆರು ಗಂಟೆ. ಅದರಲ್ಲೇ ಊಟ, ಶೌಚಾಲಯ, ಟಿಕೆಟಿನ ಸಾಲು ಎಲ್ಲ.

ಕೆಲವು ಕಡೆ ಹಡಗು ಕಟ್ಟೆಗೆ ಬರುವುದೇ ಇಲ್ಲ. ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ಬೋಟಿನಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಪಟ್ಟಿಯಲ್ಲಿ "ಟೆಂಡರ್" ಅನ್ನುವ ಪದ ಕಂಡರೆ ಆರು ಗಂಟೆಯನ್ನು ಐದು ಮಾಡಿಕೊಳ್ಳಿ. ಹೋಗುವಾಗಲೂ ಬರುವಾಗಲೂ ಸಾಲು ನಿಲ್ಲಬೇಕು.

ಈ ಲೆಕ್ಕವನ್ನು ನಮ್ಮ ರಸ್ತೆಯ ಮೇಲೆ ಇಟ್ಟು ನೋಡಿ. ಮಂಗಳೂರಿನ ಪಣಂಬೂರು ಬಂದರಿಗೂ ವಿದೇಶದ ಹಡಗುಗಳು ಬರುತ್ತವೆ. ಅದರಲ್ಲಿ ಬಂದ ನಿಮ್ಮ ಪರಿಚಯದವರೊಬ್ಬರು "ಬೇಕಲ ಕೋಟೆ ತೋರಿಸಿ" ಅಂದರು ಅಂತ ಇಟ್ಟುಕೊಳ್ಳಿ. ಪಣಂಬೂರಿನಿಂದ ಕಾಸರಗೋಡಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಬೇಕಲಕ್ಕೆ ಇನ್ನೊಂದು 16. ಹೆದ್ದಾರಿ ಅಗಲವಾಗಿದೆ, ನಿಜ. ಆದರೆ ಪಂಪ್‌ವೆಲ್ ದಾಟುವುದು, ತಲಪಾಡಿಯ ಟೋಲ್, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ, ಅಲ್ಲಿಂದ ಚಂದ್ರಗಿರಿ ಸೇತುವೆಯ ಆಚೆ ಒಳರಸ್ತೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಹಿಡಿಯದಿದ್ದರೆ ಧೈರ್ಯ ಸಾಲದು. ಉಳಿಯುವುದು ಎರಡು ಗಂಟೆ. ಅದೂ ಸುಡು ಮಧ್ಯಾಹ್ನ. ನೀವಾದರೆ "ಬೇಡ ಮಾರಾಯ್ರೇ, ಇಲ್ಲೇ ಕದ್ರಿ ದೇವಸ್ಥಾನ ನೋಡಿ, ಪಿಲಿಕುಳಕ್ಕೆ ಹೋಗಿ ಬನ್ನಿ" ಅನ್ನುತ್ತೀರಿ. ನಮ್ಮ ರಸ್ತೆ ನಮಗೆ ಗೊತ್ತು, ಅದಕ್ಕೆ ಹಾಗೆ ಹೇಳುತ್ತೇವೆ. ಬೇರೆ ದೇಶದ ರಸ್ತೆ ಗೊತ್ತಿಲ್ಲ, ಹಾಗಾಗಿ ಚಿತ್ರವನ್ನು ನಂಬುತ್ತೇವೆ.

ನಾನು ಹಿಡಿಯುವ ಅಳತೆ ಇದು: ನೆಲದ ಮೇಲೆ ಸಿಗುವ ಒಟ್ಟು ಹೊತ್ತಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದಾರಿಗೆ ಹೋಗಬಾರದು. ಆರು ಗಂಟೆ ಸಿಕ್ಕಿದರೆ ಹೋಗಿಬರಲು ಎರಡೇ ಗಂಟೆ. ಈ ಅಳತೆ ಇಟ್ಟ ಕೂಡಲೇ ಪಟ್ಟಿಯ ಅರ್ಧ ತಾನಾಗಿ ಅಳಿಸಿಹೋಗುತ್ತದೆ. ಶ್ರೀಲಂಕಾದ ತ್ರಿಕೋಣಮಲೆಯಲ್ಲಿ ಇಳಿದವರಿಗೆ ಸಿಗಿರಿಯದ ಆಸೆ ಹುಟ್ಟುತ್ತದೆ. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯಲ್ಲಿ ಕಟ್ಟಿಸಿದ ಅರಮನೆ ಅದು. ಯಾರಿಗೆ ಆಸೆ ಆಗಲ್ಲ? ಆದರೆ ದಾರಿ ಸುಮಾರು ನೂರು ಕಿಲೋಮೀಟರ್, ಮೇಲೆ ಸುಮಾರು 1,200 ಮೆಟ್ಟಿಲು. ಹಡಗಿನ ದಿನಕ್ಕೆ ಅದು ಹೊಂದುವುದಿಲ್ಲ. ಸಿಗಿರಿಯಕ್ಕೆ ಇನ್ನೊಮ್ಮೆ ವಿಮಾನದಲ್ಲಿ ಹೋಗಿ, ಹತ್ತಿರದಲ್ಲೇ ಒಂದು ರಾತ್ರಿ ಉಳಿದು, ಬೆಳಿಗ್ಗೆ ಬೇಗ ಹತ್ತಿ. ಹಾಗೆಯೇ ಮೆಕ್ಸಿಕೋದ ಕೋಝುಮೆಲ್ ದ್ವೀಪದಲ್ಲಿ ಇಳಿದವರಿಗೆ ತುಲುಮಿನ ಮಾಯಾ ಅವಶೇಷಗಳು ಹತ್ತಿರ ಅನ್ನಿಸುತ್ತವೆ. ನಿಜವಾಗಿ ಮೊದಲು ಬೋಟಿನಲ್ಲಿ ಕಡಲು ದಾಟಬೇಕು, ಆಮೇಲೆ ಬಸ್ಸು ಹತ್ತಬೇಕು. ಅದೇ ದ್ವೀಪದಲ್ಲಿ ಸಾನ್ ಹೆರ್ವಾಸಿಯೋ ಅನ್ನುವ ಸಣ್ಣ ಮಾಯಾ ಅವಶೇಷ ಇದೆ. ಹೆಸರು ಸಣ್ಣದು, ದಾರಿ ಹತ್ತಿರದ್ದು.

ಆಮೇಲೆ, ಆ ಹೊತ್ತಿಗೆ ಅಲ್ಲಿ ಏನಿರುತ್ತದೆ ಕೇಳಿ

ಹಡಗಿನ ದಿನ ಅಂದರೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3. ಇದು ಕಾಡಿಗೆ ಹೋಗಲು ಅತ್ಯಂತ ಕೆಟ್ಟ ಹೊತ್ತು. ಆನೆ, ಚಿರತೆ, ಕರಡಿ ಎಲ್ಲ ಹೊರಗೆ ಬರುವುದು ನಸುಕಿನಲ್ಲಿ, ಇಲ್ಲವೇ ಬಿಸಿಲು ಇಳಿದ ಮೇಲೆ. ಶ್ರೀಲಂಕಾದ ಹಂಬನ್‌ತೋಟ ಬಂದರಿನಲ್ಲಿ ಇಳಿದವರಿಗೆ ಯಾಲ ಕಾಡಿನ ಸಫಾರಿ ತೋರಿಸುತ್ತಾರೆ. ಯಾಲ ಚಿರತೆಗೆ ಹೆಸರಾದ ಕಾಡು. ಆದರೆ ಜೀಪು ಒಳಗೆ ಹೋಗುವಾಗ ಹತ್ತೂವರೆ, ಹನ್ನೊಂದು ಆದರೆ ಚಿರತೆ ಪೊದೆಯೊಳಗೆ ಮಲಗಿರುತ್ತದೆ. ಧೂಳು ಮತ್ತು ಜೀಪಿನ ಸಾಲು ಮಾತ್ರ ಕಾಣುತ್ತದೆ. ಆನೆ ನೋಡಿದರೆ ಸಾಕು ಅನ್ನುವವರಿಗೆ ಉಡವಳವೆ ವಾಸಿ. ಅಲ್ಲಿ ದೊಡ್ಡ ಕೆರೆ ಇದೆ, ಬಯಲು ಇದೆ, ಆನೆಗಳು ವರ್ಷಪೂರ್ತಿ ಇರುತ್ತವೆ. ಆದರೂ ದಾರಿಯ ಅಳತೆ ಮರೆಯಬೇಡಿ.

ಕಡಲಿನ ಸಂಗತಿ ಹಾಗಲ್ಲ. ಹವಳ ನೋಡಲು ಬಿಸಿಲು ನೆತ್ತಿಯ ಮೇಲೆ ಇರುವುದೇ ಒಳ್ಳೆಯದು. ನೀರಿನೊಳಗೆ ಬೆಳಕು ಇಳಿದರೆ ತಾನೇ ಬಣ್ಣ ಕಾಣುವುದು? ಡಾಲ್ಫಿನ್‌ಗಳೂ ಹಗಲಲ್ಲಿ ಸಿಗುತ್ತವೆ. ಬೋಟಿನ ಮೇಲೆ ನೆರಳಿರುತ್ತದೆ, ಗಾಳಿ ಬೀಸುತ್ತದೆ, ಮಂಡಿಗೆ ಕೆಲಸ ಇಲ್ಲ. ಹಾಗಾಗಿ ಪಟ್ಟಿಯಲ್ಲಿ "ಪ್ರಕೃತಿ" ಎಂದು ಬರೆದಿದ್ದನ್ನೆಲ್ಲ ಒಂದೇ ತೂಕದಲ್ಲಿ ತೂಗಬೇಡಿ. ಹಡಗಿನ ಹೊತ್ತಿಗೆ ಕಾಡಿಗಿಂತ ಕಡಲು ಮೇಲು. ಇದನ್ನು ನಾನು ಬಲವಾಗಿ ಹೇಳುತ್ತೇನೆ.

ಕೋಟೆ, ಕಂಬ, ಹಾಳೂರುಗಳಿಗೂ ಮಧ್ಯಾಹ್ನ ಒಳ್ಳೆಯದಲ್ಲ. ನೆರಳಿರುವುದಿಲ್ಲ, ಕಲ್ಲು ಕಾದು ಕೆಂಡವಾಗಿರುತ್ತದೆ. ಆದರೆ ಕಲ್ಲು ಎಲ್ಲೂ ಓಡಿಹೋಗುವುದಿಲ್ಲ ಅನ್ನುವುದು ಒಂದು ಅನುಕೂಲ. ಚಿರತೆ ಕಾಣದೇ ಇರಬಹುದು, ಕೋಟೆ ಕಂಡೇ ಕಾಣುತ್ತದೆ. ಆದ್ದರಿಂದ ಕೋಟೆ ಆರಿಸಿದವರು ಮೊದಲ ಗುಂಪಿನಲ್ಲೇ ಇಳಿಯಬೇಕು. ತಿಂಡಿ ಮುಂಚೆಯೇ ಮುಗಿಸಿ, ಬಾಗಿಲ ಹತ್ತಿರ ನಿಂತಿರಿ. 11 ಗಂಟೆಯೊಳಗೆ ಕಲ್ಲಿನ ನಡುವಿನಿಂದ ಹೊರಗೆ ಬಂದರೆ ದಿನ ಗೆದ್ದ ಹಾಗೆ.

ಋತುವನ್ನೂ ನೋಡಬೇಕು. ಜನವರಿಯ ರಾಣಿಪುರಂ ಬೇರೆ, ಜುಲೈಯ ರಾಣಿಪುರಂ ಬೇರೆ ಅಲ್ವಾ? ಒಂದರಲ್ಲಿ ಒಣ ಹುಲ್ಲು, ಇನ್ನೊಂದರಲ್ಲಿ ಮಂಜು ಮತ್ತು ಜಿಗಣೆ. ಹಾಗೆಯೇ ತ್ರಿಕೋಣಮಲೆಯ ಕಡಲು ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ ಶಾಂತ. ನಮ್ಮಲ್ಲಿ ಮಳೆ ಜೋರಾಗಿ ಹೊಡೆಯುವಾಗ ಅಲ್ಲಿ ಬಿಸಿಲು. ನವೆಂಬರ್ ದಾಟಿದರೆ ಅಲ್ಲಿಗೆ ಹಿಂಗಾರು ಬಂದು ಕಡಲು ಎದ್ದಿರುತ್ತದೆ, ಹವಳದ ದ್ವೀಪಕ್ಕೆ ಬೋಟು ಹೋಗುವುದೇ ಕಷ್ಟ. ಹಂಬನ್‌ತೋಟದ ಹತ್ತಿರದ ಬುಂದಲ ಹಕ್ಕಿಗಳಿಗೆ ಹೆಸರಾದ ಜಾಗ. 1990ರಲ್ಲೇ ಅದು ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಸೇರಿದೆ. ಆದರೆ ವಲಸೆ ಹಕ್ಕಿಗಳು ಬರುವುದು ಚಳಿಗಾಲದಲ್ಲಿ. ಜೂನ್, ಜುಲೈಯಲ್ಲಿ ಹೋಗಿ "ಹಕ್ಕಿ ಎಲ್ಲಿ?" ಅಂತ ಕೇಳಿದರೆ ಗೈಡ್ ಪಾಪ ಏನು ಮಾಡಿಯಾನು?

ನಿಮಗೆ ನಿಜವಾಗಿ ಏನು ಇಷ್ಟ? ಬೇಕಲಕ್ಕೆ ಹೋಗಿ ನೋಡಿ

ಹಡಗು ಹತ್ತುವ ಮೊದಲು ಒಂದು ಭಾನುವಾರ ಮನೆಯವರೆಲ್ಲ ಬೇಕಲಕ್ಕೆ ಹೋಗಿ ಬನ್ನಿ. "ನೋಡಿ ಆಗಿದೆ" ಅನ್ನಬೇಡಿ. ಈ ಸಲ ಕೋಟೆಗಿಂತ ಮನೆಯವರನ್ನು ನೋಡಲು ಹೋಗಬೇಕು.

ಬಾಗಿಲಲ್ಲಿ ಆಂಜನೇಯನ ಗುಡಿ. ಕೈಮುಗಿದು ಒಳಗೆ ಹೋದರೆ ದೊಡ್ಡ ಬಯಲು, ನಡುವೆ ಇಳಿಜಾರಿನಲ್ಲಿ ಹತ್ತಿ ಹೋಗುವ ಕಾವಲು ಬುರುಜು. ಇಲ್ಲಿ ಜನ ಎರಡು ಜಾತಿಯಾಗುತ್ತಾರೆ. ಒಂದು ಜಾತಿ ಬುರುಜು ಹತ್ತಿ, ಕಡಲು ನೋಡಿ, ನಾಲ್ಕು ಫೋಟೋ ತೆಗೆದು, "ಇನ್ನೇನಿದೆ, ಬರೀ ಗೋಡೆ" ಅಂತ ಬೀಚಿನ ಕಡೆ ಹೊರಡುತ್ತದೆ. ಇನ್ನೊಂದು ಜಾತಿ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತದೆ. ಮುರಕಲ್ಲಿನ ಮೇಲೆ ಕೈ ಇಡುತ್ತದೆ. ಮಳೆಗೆ ಪಾಚಿ ಹಿಡಿದು ಒಣಗಿ ಕಪ್ಪಾದ ಮೈ, ಚಕ್ಕೆ ಎದ್ದ ಕಡೆ ಒಳಗೆ ಇನ್ನೂ ಕೆಂಪು. ಕಡಲ ಕಡೆಯ ಗೋಡೆಯಲ್ಲಿ ಕೋವಿಗೆ ಬಿಟ್ಟ ಕಿಂಡಿಗಳಿವೆ. ಅವು ಎಲ್ಲ ಒಂದೇ ತರ ಇಲ್ಲ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ಕಡಲು ಕಾಣುತ್ತದೆ. ಕೆಳಗಿನದರಲ್ಲಿ ಇಟ್ಟರೆ ಗೋಡೆಯ ಬುಡದ ಹತ್ತಿರದ ನೆಲ. ದೂರದ ಶತ್ರುವಿಗೆ ಒಂದು, ಹತ್ತಿರ ಬಂದವನಿಗೆ ಇನ್ನೊಂದು. ಇದನ್ನು ಒಬ್ಬರು ಹೇಳಿಕೊಟ್ಟ ಮೇಲೆ ಗೋಡೆ ಬರೀ ಗೋಡೆಯಾಗಿ ಉಳಿಯುವುದಿಲ್ಲ. 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಇದನ್ನು ಕಟ್ಟಿಸಿದ, ಆಮೇಲೆ ಹೈದರಾಲಿ, ಟಿಪ್ಪು, ಬ್ರಿಟಿಷರು, 1956ರ ನವೆಂಬರ್ 1ರವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆ ಅನ್ನುವ ಕಥೆಯೆಲ್ಲ ಆ ಕಿಂಡಿಯ ಹಿಂದೆ ಸಾಲಾಗಿ ಬಂದು ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಯಾರು ಯಾವ ಜಾತಿ ಅಂತ ಸುಮ್ನೆ ಗಮನಿಸಿ. ಅರ್ಧ ಗಂಟೆಯಲ್ಲಿ "ಹೋಗುವಾ" ಅಂದವರನ್ನು ದೂರದ ದೇಶದ ಹಾಳೂರಿಗೆ ಕರೆದುಕೊಂಡು ಹೋಗಬೇಡಿ. ಅವರು ಕಡಲಿಗೆ ಹೋಗಲಿ, ಖುಷಿಪಡಲಿ. ಅದರಲ್ಲಿ ಸಣ್ಣತನ ಏನೂ ಇಲ್ಲ.

ಇನ್ನೊಂದು ಭಾನುವಾರ ರಾಣಿಪುರಂಗೆ. ಹೊಸದುರ್ಗದಿಂದ ಪಾಣತ್ತೂರು ರಸ್ತೆಯಲ್ಲಿ ಸುತ್ತಿ ಸುತ್ತಿ ಹತ್ತಬೇಕು. ಅರಣ್ಯ ಇಲಾಖೆಯ ಟಿಕೆಟು ತೆಗೆದುಕೊಂಡು ಮರಗಳ ಕೆಳಗೆ ನಡೆದು, ಹುಲ್ಲುಗಾವಲಿಗೆ ಬಂದು, ತುದಿಯವರೆಗೆ ಹೋಗಬೇಕು. ಇಲ್ಲಿ ನೋಡಬೇಕಾದ್ದು ಮಂಡಿಯನ್ನು ಮತ್ತು ತಾಳ್ಮೆಯನ್ನು. ಮಂಜು ಮುಚ್ಚಿ ಏನೂ ಕಾಣದಿದ್ದರೂ "ನಡೆದದ್ದೇ ಚಂದ" ಅನ್ನುವವರು ಪ್ರಕೃತಿಯ ಟೂರಿಗೆ ಹೇಳಿಮಾಡಿಸಿದವರು. ಪ್ರಕೃತಿ ಮಾತು ಕೊಡುವುದಿಲ್ಲ. ಡಾಲ್ಫಿನ್ ಬರಬಹುದು, ಬಾರದೇ ಇರಬಹುದು. ಬಾರದಿದ್ದರೆ ಮುಖ ಊದಿಸಿಕೊಳ್ಳುವವರಿಗೆ ಕೋಟೆಯೇ ಸರಿ.

ಕೋಟೆ ಆರಿಸಿದರೆ ಕಥೆ ಓದಿಕೊಂಡು ಹೋಗಿ

ಪ್ರಕೃತಿಗೆ ತಯಾರಿ ಬೇಡ, ಕಣ್ಣು ಸಾಕು. ಹಳೇ ಕಲ್ಲಿಗೆ ಹಾಗಾಗುವುದಿಲ್ಲ. ಕಥೆ ಗೊತ್ತಿಲ್ಲದೆ ಹೋದರೆ ಬೇಕಲದಲ್ಲಿ ಆದದ್ದೇ ಅಲ್ಲೂ ಆಗುತ್ತದೆ.

ತ್ರಿಕೋಣಮಲೆಯನ್ನೇ ನೋಡಿ. ಪೇಟೆಯ ಪಕ್ಕದಲ್ಲೇ ಕಡಲಿಗೆ ಚಾಚಿದ ಬಂಡೆಗುಡ್ಡ. ಅದರ ತುದಿಯಲ್ಲಿ ಕೋಣೇಶ್ವರ ದೇವಸ್ಥಾನ, ದಾರಿಯಲ್ಲಿ ಫ್ರೆಡರಿಕ್ ಕೋಟೆ. ಏನೂ ತಿಳಿಯದೆ ಹೋದವರಿಗೆ ಒಂದು ಕೋಟೆ ಬಾಗಿಲು, ಒಂದು ಹೊಸ ಗುಡಿ, ಒಂದು ಶಿವನ ಮೂರ್ತಿ. ಅಷ್ಟೇ. ಆದರೆ 1620ರ ದಶಕದಲ್ಲಿ ಪೋರ್ಚುಗೀಸರು ಅಲ್ಲಿದ್ದ ದೊಡ್ಡ ದೇವಸ್ಥಾನವನ್ನು ಕೆಡವಿದರು, ಅದರ ಕಲ್ಲುಗಳನ್ನೇ ತಂದು ಕೋಟೆಗೆ ಹಾಕಿದರು. ಇದು ಗೊತ್ತಿದ್ದರೆ ಕೋಟೆಯ ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ಬಾಗಿಲ ಹತ್ತಿರದ ಒಂದು ಕಲ್ಲಿನಲ್ಲಿ ಹಳೇ ತಮಿಳು ಅಕ್ಷರಗಳಿವೆ, ಜೋಡಿ ಮೀನಿನ ಗುರುತು ಇದೆ. ಆಮೇಲೆ ಡಚ್ಚರು ಬಂದರು, ಬ್ರಿಟಿಷರು ಬಂದು 1803ರಲ್ಲಿ ಈಗಿನ ಹೆಸರಿಟ್ಟರು. 1956ರಲ್ಲಿ ಮುಳುಗುಗಾರ ಮೈಕ್ ವಿಲ್ಸನ್ ಮತ್ತು ಲೇಖಕ ಆರ್ಥರ್ ಸಿ. ಕ್ಲಾರ್ಕ್ ಬಂಡೆಯ ಬುಡದಲ್ಲಿ ಕಡಲೊಳಗೆ ಮುಳುಗಿ ಹಳೇ ದೇವಸ್ಥಾನದ ಕಲ್ಲುಗಳನ್ನು ಕಂಡರು. ಇಷ್ಟು ತಲೆಯಲ್ಲಿಟ್ಟುಕೊಂಡು ಗುಡ್ಡದ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ, ಆ ನೀಲಿ ನೀರಿನ ಬಣ್ಣವೇ ಬೇರೆಯಾಗುತ್ತದೆ. ದಾರಿಯುದ್ದಕ್ಕೂ ಚುಕ್ಕೆ ಜಿಂಕೆಗಳು ಹೆದರದೆ ಓಡಾಡಿಕೊಂಡಿರುತ್ತವೆ. ಮಕ್ಕಳಿದ್ದರೆ ಅವರಿಗೆ ಅದೇ ಸಾಕು.

ಯುರೋಪಿನ ಕಡೆ ಹೋಗುವವರಿಗೆ ಈ ಪ್ರಶ್ನೆ ಇನ್ನೂ ಜೋರಾಗಿ ಎದುರಾಗುವುದು ಇಟಲಿಯ ನೇಪಲ್ಸ್‌ನಲ್ಲಿ. ಒಂದು ಕಡೆ ವೆಸುವಿಯಸ್ ಜ್ವಾಲಾಮುಖಿ, ಇನ್ನೊಂದು ಕಡೆ ಕ್ರಿ.ಶ. 79ರಲ್ಲಿ ಅದೇ ಬೆಟ್ಟ ಹೂತುಹಾಕಿದ ಪೊಂಪೈ. ಎರಡನ್ನೂ ಒಂದೇ ದಿನದಲ್ಲಿ ತುರುಕುವ ಟೂರುಗಳಿವೆ. ಬೇಡ. ವೆಸುವಿಯಸ್ 1,281 ಮೀಟರ್ ಎತ್ತರ. ಬಸ್ಸು ಮೇಲಿನವರೆಗೆ ಹೋದರೂ ಕೊನೆಯ ತುಂಡು ಸಡಿಲ ಜಲ್ಲಿಯ ಮೇಲೆ ಏರಬೇಕು, ನೆರಳೇ ಇಲ್ಲ. ಟಿಕೆಟು ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು. ಪೊಂಪೈಯಲ್ಲೂ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಎಂದು ಮಿತಿ ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ಹಿರಿಯರಿರುವ ಗುಂಪಿಗೆ ಎರಡೂ ಅಲ್ಲ, ಹರ್ಕ್ಯುಲೇನಿಯಮ್. ಅದೂ ಅದೇ ವರ್ಷ ಹೂತುಹೋದ ಊರು. ಪೊಂಪೈಗಿಂತ ಬಹಳ ಸಣ್ಣದು, ನೇಪಲ್ಸಿಗೆ ಇನ್ನೂ ಹತ್ತಿರ. ಬೂದಿ ಆಳವಾಗಿ ಮುಚ್ಚಿದ್ದರಿಂದ ಮರದ ಬಾಗಿಲು, ತೊಲೆ, ಮಹಡಿಗಳೂ ಉಳಿದಿವೆ. ಎರಡೂವರೆ ಗಂಟೆಯಲ್ಲಿ ನೋಡಿ ಮುಗಿಸಿ, ಹಿಂದಿನ ಬೆಟ್ಟವನ್ನು ಕೆಳಗಿನಿಂದಲೇ ಕಣ್ತುಂಬ ನೋಡಿ ಬರಬಹುದು.

ಟರ್ಕಿಯ ಕುಶಾದಸಿಯಲ್ಲಿ ಇಳಿದರೆ ಯೋಚನೆ ಬೇಡ, ಎಫೆಸಸ್‌ಗೆ ಹೋಗಿ. ಸುಮಾರು 20 ಕಿಲೋಮೀಟರ್. ಮೇಲಿನ ಬಾಗಿಲಲ್ಲಿ ಇಳಿದು ಕೆಳಗಿನ ಬಾಗಿಲಿಗೆ ನಡೆಯಿರಿ, ದಾರಿ ಇಳಿಜಾರು. ಇದನ್ನು ಟ್ಯಾಕ್ಸಿಯವರಿಗೆ ಮೊದಲೇ ಹೇಳಬೇಕು.

ಎರಡೂ ಒಟ್ಟಿಗೆ ಸಿಗುವ ಜಾಗಗಳು

ದುಬೈ, ಅಬುಧಾಬಿ ಕಡೆಯಿಂದ ಹೊರಡುವ ಕೆಲವು ಹಡಗುಗಳು ಒಮಾನಿನ ಖಸಬ್‌ನಲ್ಲಿ ನಿಲ್ಲುತ್ತವೆ. ನಮ್ಮ ಊರಿನ ಅಪ್ಪ-ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ನಿಲುಗಡೆ ಸಿಗುವುದು ಕಷ್ಟ. ಬಂದರಿನಿಂದಲೇ ಮರದ ದೋಣಿ ಹೊರಡುತ್ತದೆ. ಅದನ್ನು ಧೌ ಅನ್ನುತ್ತಾರೆ. ಒಳಗೆ ಕಂಬಳಿ ಹಾಸಿ, ದಿಂಬು ಇಟ್ಟಿರುತ್ತಾರೆ. ಎರಡೂ ಬದಿಗೆ ಬೋಳು ಸುಣ್ಣಕಲ್ಲಿನ ಬೆಟ್ಟ, ನಡುವೆ ನಿಂತ ನೀರಿನಂತೆ ಕಡಲು. ಡಾಲ್ಫಿನ್ ದೋಣಿಯ ಪಕ್ಕದಲ್ಲೇ ಓಡುವುದುಂಟು. ದಾರಿಯಲ್ಲಿ ಟೆಲಿಗ್ರಾಫ್ ದ್ವೀಪ ಅಂತ ಒಂದು ಸಣ್ಣ ಬಂಡೆದ್ವೀಪ. 1860ರ ದಶಕದಲ್ಲಿ ಬ್ರಿಟಿಷರು ಕಡಲ ತಂತಿಗಾಗಿ ಅಲ್ಲಿ ಠಾಣೆ ಕಟ್ಟಿ, ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು. ಅಡಿಪಾಯದ ಕಲ್ಲು ಈಗಲೂ ಇದೆ. ಅರ್ಧ ದಿನದ ದೋಣಿ ತೆಗೆದುಕೊಂಡರೆ ಮಧ್ಯಾಹ್ನದ ಮೇಲೆ ಪೋರ್ಚುಗೀಸರು 17ನೇ ಶತಮಾನದಲ್ಲಿ ಕಟ್ಟಿದ ಖಸಬ್ ಕೋಟೆಯನ್ನೂ ನೋಡಬಹುದು. ಅದು ಬಂದರಿನ ಹತ್ತಿರವೇ ಇದೆ. ಇಡೀ ದಿನದ ದೋಣಿ ತೆಗೆದುಕೊಳ್ಳಬೇಡಿ ಅನ್ನುವುದು ನನ್ನ ಸಲಹೆ. ಅರ್ಧ ದಿನ ಸಾಕು.

ಅಬುಧಾಬಿಯ ಸರ್ ಬನಿ ಯಾಸ್ ದ್ವೀಪವೂ ಹೀಗೆಯೇ. ಅರೇಬಿಯನ್ ಓರಿಕ್ಸ್ ಅನ್ನುವ ಉದ್ದ ಕೋಡಿನ ಬಿಳಿ ಪ್ರಾಣಿಗಳು ಬಯಲಲ್ಲಿ ತಿರುಗಾಡಿಕೊಂಡಿರುತ್ತವೆ. ಅದೇ ದ್ವೀಪದಲ್ಲಿ 1992ರಲ್ಲಿ ಹಳೇ ಕ್ರೈಸ್ತ ಮಠವೊಂದರ ಅವಶೇಷ ಸಿಕ್ಕಿತು. ಸುಮಾರು 7-8ನೇ ಶತಮಾನದ್ದು. ಅಲ್ಲಿಗೆ ಹೋಗುವ ಹೆಚ್ಚಿನವರು ಬೀಚಿನಲ್ಲೇ ದಿನ ಕಳೆದು ಬರುತ್ತಾರೆ. ಪ್ರಾಣಿ ನೋಡಲು ಹೋಗುವ ಗಾಡಿ ಮಠದ ಕಡೆ ಹೋಗುತ್ತದಾ ಅಂತ ಹಡಗಿನ ಟೂರ್ ಮೇಜಿನಲ್ಲಿ ಕೇಳಿ.

ತ್ರಿಕೋಣಮಲೆಯಲ್ಲಿ ಕಡಲೇ ಬೇಕು ಅನ್ನುವವರಿಗೆ ನಿಲಾವೆಳಿ ತೀರದಿಂದ ಬೋಟಿನಲ್ಲಿ ಹೋಗುವ ಪಿಜನ್ ದ್ವೀಪ ಇದೆ. ಹವಳ, ಬಣ್ಣದ ಮೀನು, ಆಳ ಇಲ್ಲದ ನೀರಿನಲ್ಲಿ ಸುಳಿದಾಡುವ ಸಣ್ಣ ಶಾರ್ಕ್. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿ ಮುಖ ಮುಳುಗಿಸಿ ನೋಡಬಹುದು. ಹವಳದ ಮೇಲೆ ಕಾಲಿಡಬೇಡಿ, ಅದು ಜೀವ ಇರುವ ವಸ್ತು. ಒಂದು ತುಂಡು ಬೆಳೆಯಲು ವರ್ಷಗಟ್ಟಲೆ ಬೇಕು. ಮಗು ಹೆಕ್ಕಿಕೊಂಡ ತುಂಡನ್ನೂ ಅಲ್ಲೇ ಬಿಡಿಸಿ.

ಗುಂಪಿನಲ್ಲಿ ಯಾರಿದ್ದಾರೆ?

ಅಜ್ಜಿಗೆ ಮಂಡಿ ನೋವು, ಮೊಮ್ಮಗನಿಗೆ ನಿಂತಲ್ಲಿ ನಿಲ್ಲಲು ಆಗದು, ಅಪ್ಪನಿಗೆ ಇತಿಹಾಸದ ಹುಚ್ಚು. ಒಂದೇ ಟೂರಿನಲ್ಲಿ ಎಲ್ಲರನ್ನೂ ಖುಷಿಪಡಿಸಲು ಹೋದರೆ ಯಾರಿಗೂ ಖುಷಿ ಇಲ್ಲ. ಎರಡು ಗುಂಪಾಗಿ ಹೋಗಿ. ಕುಟುಂಬ ಅಂದ ಮೇಲೆ ಒಟ್ಟಿಗೇ ಇರಬೇಕು ಅನ್ನುವ ಹಟ ನಮ್ಮಲ್ಲಿ ಜಾಸ್ತಿ. ಆದರೆ ರಾತ್ರಿ ಊಟಕ್ಕೆ ಕೂತಾಗ ಒಬ್ಬರು ಡಾಲ್ಫಿನ್ ಕಥೆ, ಇನ್ನೊಬ್ಬರು ಕೋಟೆ ಕಥೆ ಹೇಳುವುದರಲ್ಲಿ ಇರುವ ಸುಖವೇ ಬೇರೆ. ಅಜ್ಜಿ ಹಡಗಿನಲ್ಲೇ ಉಳಿಯುತ್ತೇನೆ ಅಂದರೂ ಬೇಸರ ಮಾಡಬೇಡಿ. ಜನ ಇಳಿದ ಮೇಲೆ ಹಡಗು ತಣ್ಣಗೆ ಇರುತ್ತದೆ.

ಟೂರಿನ ವಿವರದಲ್ಲಿ ನಡಿಗೆ ಸುಲಭವೋ, ಮಧ್ಯಮವೋ, ಕಷ್ಟವೋ ಎಂದು ಬರೆದಿರುತ್ತದೆ. "ಮಧ್ಯಮ" ಅಂದರೆ ನಮ್ಮ ಹಿರಿಯರಿಗೆ ಕಷ್ಟ ಅಂತಲೇ ಓದಿಕೊಳ್ಳಿ. ಹಳೇ ಊರುಗಳ ದಾರಿ ಏರುಪೇರು ಕಲ್ಲಿನದು, ಗಾಲಿಕುರ್ಚಿ ಅಲ್ಲಿ ಉರುಳುವುದಿಲ್ಲ.

ಹಡಗಿನ ಟೂರಾ, ನಿಮ್ಮದೇ ಟ್ಯಾಕ್ಸಿಯಾ?

ಹಡಗಿನವರೇ ಮಾಡಿಸುವ ಟೂರಿಗೆ ದುಡ್ಡು ಜಾಸ್ತಿ. ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಹಿಡಿದ ಟ್ಯಾಕ್ಸಿ ತಡವಾದರೆ ಹಡಗು ಹೋಗುತ್ತದೆ. ಮುಂದಿನ ಬಂದರಿಗೆ ನೀವೇ ನಿಮ್ಮ ಖರ್ಚಿನಲ್ಲಿ ಹೋಗಬೇಕು, ಅದೂ ವೀಸಾ ಇದ್ದರೆ. ನಾನು ಮಾಡುವುದು ಸರಳ: ಅರ್ಧ ಗಂಟೆಯೊಳಗಿನ ದಾರಿಗೆ ಸ್ವಂತ ಟ್ಯಾಕ್ಸಿ, ಅದಕ್ಕಿಂತ ದೂರಕ್ಕೆ ಹಡಗಿನ ಟೂರ್. ಕೋಣೇಶ್ವರಕ್ಕೆ, ಖಸಬ್ ಕೋಟೆಗೆ ಸ್ವಂತವಾಗಿ ಹೋಗಿ. ಉಡವಳವೆಗೆ ಹಡಗಿನ ಬಸ್ಸು. ಟ್ಯಾಕ್ಸಿಯಾದರೆ ದರ, ಕಾಯುವ ಹೊತ್ತು, ವಾಪಸು ಬರುವ ಗಂಟೆ ಮೂರನ್ನೂ ಹತ್ತುವ ಮೊದಲೇ ಮಾತಾಡಿ, ವಾಪಸು ಬಂದು ಇಳಿದ ಮೇಲೆ ದುಡ್ಡು ಕೊಡಿ.

ಕೈಗಡಿಯಾರ ಕಟ್ಟಿಕೊಳ್ಳಿ, ಅದರಲ್ಲಿ ಹಡಗಿನ ಸಮಯ ಇರಲಿ. ಫೋನು ಹೊಸ ದೇಶದ ನೆಟ್‌ವರ್ಕ್ ಹಿಡಿದ ಕೂಡಲೇ ತಾನೇ ಸಮಯ ಬದಲಾಯಿಸಿಕೊಳ್ಳುತ್ತದೆ. ಹಡಗು ಬದಲಾಯಿಸಿರಬೇಕೆಂದಿಲ್ಲ. ಪ್ರತಿ ರಾತ್ರಿ ಕೋಣೆಗೆ ಬರುವ ಮರುದಿನದ ಹಾಳೆಯಲ್ಲಿ ಆ ಬಂದರಿನ ಏಜೆಂಟಿನ ನಂಬರು ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕಡಲಿನ ನಡುವೆ ಇರುವಾಗ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಹಡಗಿನ ನೆಟ್‌ವರ್ಕಿನ ಬಿಲ್ಲು ಬೆಚ್ಚಿಬೀಳಿಸುತ್ತದೆ.

ವೀಸಾ ವಿಷಯ ಬುಕ್ ಮಾಡುವ ಮೊದಲೇ ಕೇಳಿ. ದುಬೈಯಿಂದ ಹೊರಟು ಒಮಾನ್ ಮುಟ್ಟಿ ಮತ್ತೆ ದುಬೈಗೆ ಬರುವುದೆಂದರೆ ಎರಡು ಸಲ ಒಳಗೆ ಬಂದ ಲೆಕ್ಕ. ಒಂದೇ ಸಲದ ವೀಸಾ ಸಾಲುತ್ತದಾ ಅನ್ನುವುದನ್ನು ಹಡಗಿನ ಕಂಪನಿಯಿಂದ ಬರಹದಲ್ಲೇ ತರಿಸಿಕೊಳ್ಳಿ.

ಚೀಲಕ್ಕೆ ಜಾಸ್ತಿ ಬೇಡ. ನೀರು, ಟೋಪಿ, ಒಂದು ಬೈರಾಸು, ದಿನದ ಮಾತ್ರೆ, ಸೀಲ್ ಒಡೆಯದ ಬಿಸ್ಕತ್ತು. ಹಡಗಿನ ಬಾಳೆಹಣ್ಣು, ಪೂರಿ ಕಟ್ಟಿಕೊಂಡು ಇಳಿಯಬೇಡಿ. ಹಣ್ಣು, ಬೇಯಿಸಿದ ತಿಂಡಿ ಒಳಗೆ ತರಲು ಹೆಚ್ಚಿನ ದೇಶಗಳು ಬಿಡುವುದಿಲ್ಲ, ಕೆಲವು ಕಡೆ ದಂಡವೂ ಉಂಟು. ಸಸ್ಯಾಹಾರಿಗಳು ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಇಳಿಯಿರಿ. ಕೋಣೇಶ್ವರದಂಥ ಕಡೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಚಪ್ಪಲಿ ಬಿಟ್ಟು ನಡೆಯಬೇಕಾಗುತ್ತದೆ, ಕಲ್ಲು ಕಾದಿರುತ್ತದೆ, ಹಾಗಾಗಿ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ.

ಕೊನೆಗೆ ಇನ್ನೊಂದು. ಗಾಳಿ ಜೋರಾದರೆ ಹಡಗು ಕೆಲವೊಮ್ಮೆ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹಡಗಿನವರ ಟೂರಾದರೆ ಆ ದುಡ್ಡು ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೆ ವಾಪಸು ಬರುತ್ತದೆ. ಹೊರಗಿನ ದೋಣಿಯವರಿಗೋ ಟ್ಯಾಕ್ಸಿಯವರಿಗೋ ಮುಂಗಡ ಕೊಟ್ಟಿದ್ದರೆ, "ಹಡಗು ಬಾರದಿದ್ದರೆ ಪೂರ್ತಿ ವಾಪಸು" ಅನ್ನುವ ಒಂದು ಸಾಲನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಂಡಿರಿ. ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬೇಡಿ, ದಡಕ್ಕೆ ಇಳಿದ ಮೇಲೆ ಬೇರೆಯವರು ಸಿಗುತ್ತಾರೆ.